ನಮ್ಮ ಮುತ್ಯಾ, ನಮ್ಮ ಆಯಿ ಮತ್ತು ಶ್ರೀಶೈಲದ ದಾರಿ

1/10

ಮೊದಲನೇ ಫೋಟೋ ನೋಡ್ರಿ. ಬಿಳಿ ಟೊಪಗಿ ಹಾಕ್ಕೊಂಡು ಕೈಯಾಗ ಮೈಕ್ ಹಿಡಿದು ನಿಂತವ ನಮ್ಮ ಮುತ್ಯಾ. ಅವನ ಹಿಂದೆ ಭಟ್ಟಿಯ ಹೊಗೆಯೊಳಗ ಅರ್ಧ ಮುಖ ಕಾಣ್ತದಲ್ಲ, ಅಕಿ ನಮ್ಮ ಆಯಿ. ಫೋಟೋ ತೆಗೆದವಳು ನಾನೇ. ತೆಗೆಯುವಾಗ ಆಯಿ ಫ್ರೇಮಿನೊಳಗ ಬಂದಾಳ ಅನ್ನೋದು ನನಗ ಗೊತ್ತೇ ಇರಲಿಲ್ಲ. ಆ ಮಾತಿಗೆ ಆಮೇಲೆ ಬರ್ತೀನಿ.

ಹೋದ ವಾರ ರೊಟ್ಟಿ ಬಡಿಯೋ ಸ್ಟೋರಿ ಹಾಕಿದ ಮೇಲೆ ನಮ್ಮ ಬ್ಯಾಚಿನ ಅರ್ಧ ಮಂದಿ ಮೆಸೇಜ್ ಮಾಡಿದ್ರಿ. "ಈ ವರ್ಷನೂ ನಿಮ್ಮ ಮುತ್ಯಾ-ಆಯಿ ಶ್ರೀಶೈಲದ ದಾರಿಗೆ ಹೊಂಟಾರೇನು? ಈ ವಯಸ್ಸಿನಾಗ ಯಾಕ ಬೇಕಿತ್ತು? ಮನ್ಯಾಗ ಕುಂತು ಪೂಜಾ ಮಾಡಿದ್ರ ಆಗೂದಿಲ್ಲೇನು?" ಅಂತ.

ಇದೇ ಪ್ರಶ್ನೆ ನಾನೂ ವರ್ಷಗಟ್ಟಲೆ ಕೇಳೀನಿ, ಸಿಟ್ಟಿನಿಂದಲೇ ಕೇಳೀನಿ. ಉತ್ತರ ಒಂದು ರಿಪ್ಲೈದಾಗ ಹಿಡಿಯೋದಿಲ್ಲ. ಇಲ್ಲಿ ಒಂದು ಕ್ಯಾಪ್ಷನ್ನಿಗೆ 2200 ಅಕ್ಷರದ ಮಿತಿ ಬೇರೆ. ಅದಕ್ಕೇ ಹತ್ತು ಭಾಗ ಮಾಡೀನಿ. ಪುರುಸೊತ್ತಿದ್ದಾಗ ಓದ್ರಿ. ಭಕ್ತಿ ಪೋಸ್ಟ್ ಅಂತ ತಿಳಿದು ಬರೇ ಕೈ ಮುಗಿಯೋ ಇಮೋಜಿ ಹಾಕಿ ಹೋಗಬ್ಯಾಡ್ರಿ. ಇದರಾಗ ಜಗಳನೂ ಅದ.

2/10

ಗೊತ್ತಿಲ್ಲದವರಿಗೆ ಮೊದಲು ದಾರಿ ಹೇಳ್ತೀನಿ.

ಯುಗಾದಿ ಹತ್ತಿರ ಬಂದಂತೆ ನಮ್ಮ ವಿಜಯಪುರ, ಬಾಗಲಕೋಟಿ, ಬೆಳಗಾವಿ, ಕಲಬುರ್ಗಿ, ಅತ್ತ ಸೊಲ್ಲಾಪುರದ ಕಡೆಯಿಂದ ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಸಿಂದಗಿಯಿಂದ ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಕೃಷ್ಣೆ ದಾಟಬೇಕು, ತುಂಗಭದ್ರೆ ದಾಟಬೇಕು, ಕರ್ನೂಲು, ಆತ್ಮಕೂರು ದಾಟಿ ವೆಂಕಟಾಪುರದ ಹತ್ತಿರ ನಲ್ಲಮಲ ಅಡವಿಯೊಳಗೆ ಇಳಿಯಬೇಕು. ಅಲ್ಲಿಂದ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಕಡೆಗೆ ಕೈಲಾಸ ಬಾಗಿಲು. ಅದು ಹುಲಿ ಸಂರಕ್ಷಿತ ಅರಣ್ಯ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಅಂತ ಇತಿಹಾಸ ಹೇಳುತ್ತದೆ. ಅಂದ ಮೇಲೆ ಜನ ನಡೆಯೋದು ಎಷ್ಟು ಹಳೇದು ಅಂತ ಲೆಕ್ಕಾ ಹಾಕ್ರಿ.

ಕೆಲವರ ಹೆಗಲ ಮೇಲೆ ಕಂಬಿ ಇರುತ್ತದೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಹೆಂಗಸರ ಗಂಟಿನೊಳಗ ಒಂದು ಹೊಸ ಸೀರೆ, ಅರಿಷಿಣ, ಕುಂಕುಮ, ಬಳೆ ಇದ್ದೇ ಇರುತ್ತವೆ. ಯಾಕಂದ್ರ ನಮ್ಮ ಮಂದಿಗೆ ಭ್ರಮರಾಂಬೆ ಅಂದರೆ ಮನೆ ಮಗಳು. ಮಲ್ಲಯ್ಯ ಅಳಿಯ. ಮಗಳಿಗೆ ಹಬ್ಬಕ್ಕೆ ಉಡಿ ತುಂಬಲು ತವರಿನವರು ಹೊರಟಿದ್ದಾರೆ, ಅಷ್ಟೇ. ಸೀಮೆ ಆಂಧ್ರದ್ದಾದರೇನು, ಮಗಳನ್ನು ದೂರ ಕೊಟ್ಟವರು ದೂರ ನಡೆಯಬೇಕಲ್ಲ.

ಈ ದಾರಿ ಉದ್ದಕ್ಕೂ ಅಲ್ಲಲ್ಲಿ ದಾಸೋಹದ ಪೆಂಡಾಲ್ ಇರುತ್ತವೆ. ಊಟ, ನೀರು, ಮಜ್ಜಿಗೆ, ಕಾಲಿಗೆ ಎಣ್ಣೆ, ಮಲಗಲು ಒಂದು ತಾಡಪತ್ರಿ. ಯಾರೂ ದುಡ್ಡು ಕೇಳೋದಿಲ್ಲ. ಅಂಥ ಒಂದು ಪೆಂಡಾಲ್ ನಮ್ಮ ಮುತ್ಯಾಂದು. ಹಾಂ, "ಮುತ್ಯಾಂದು" ಅಂತಲೇ ನಾವೆಲ್ಲ ಅಂತಿದ್ವಿ. ನೆನಪಿಟ್ಟುಕೊಳ್ರಿ.

3/10

ಮುತ್ಯಾ ಸಾಲಿ ಮಾಸ್ತರ. 2011ರಲ್ಲಿ ರಿಟೈರ್ ಆದ. ಮರುವರ್ಷ ಶುರು ಮಾಡಿದ. ಕರ್ನೂಲು ದಾಟಿ ಆತ್ಮಕೂರಿನ ಕಡೆ ಹೋಗುವ ರಸ್ತೆ ಪಕ್ಕದಲ್ಲಿ, ಒಬ್ಬ ತೆಲುಗು ರೈತ ತನ್ನ ಹೊಲದ ಬೇವಿನ ಗಿಡದ ನೆರಳು ಬಿಟ್ಟುಕೊಟ್ಟ. ಎರಡು ವಾರ ಅಲ್ಲೇ ಬಿಡಾರ.

ತಯಾರಿ ಒಂದು ತಿಂಗಳು ಮೊದಲೇ ಶುರು. ನಮ್ಮ ಓಣಿ ಹೆಂಗಸರೆಲ್ಲ ಆಯಿಯ ಪಡಸಾಲಿಯಲ್ಲಿ ಕೂಡುತ್ತಾರೆ. ಖಡಕ್ ರೊಟ್ಟಿ ಮೂರು ಸಾವಿರ. ಶೇಂಗಾ ಹಿಂಡಿ, ಅಗಸಿ ಹಿಂಡಿ ಡಬ್ಬಿಗಟ್ಟಲೆ. ನಿಂಬಿಹಣ್ಣು ಇಂಡಿಯಿಂದ ಮೂಟೆ ಬರುತ್ತದೆ. ಹೆಸರು, ತೊಗರಿ, ಅಕ್ಕಿ ಕೊಡೋರು ಕೊಡುತ್ತಾರೆ. ಕಡಿಮೆ ಬಿದ್ದದ್ದಕ್ಕೆ ಮುತ್ಯಾನ ಎರಡು ತಿಂಗಳ ಪೆನ್ಶನ್. ಎಲ್ಲ ಟ್ರ್ಯಾಕ್ಟರ್ ಟ್ರ್ಯಾಲಿಯೊಳಗೆ ಏರಿಸಿ ಹೊರಡೋದು.

ಮುತ್ಯಾನಿಗೆ ಊಟ ಹಾಕೋದಷ್ಟೇ ಅಲ್ಲ, ಹೇಳೋದೂ ಬೇಕು. ಸಂಜೆ ಮುಂದ ಮೈಕ್ ಹಿಡಿದು ಅರ್ಧ ತಾಸು ಮಾತಾಡ್ತಾನ. ದಾಸೋಹ ಅಂದ್ರ ಬರೇ ಊಟ ಅಲ್ಲ, ಉಣ್ಣಿಸಿದವ "ನಾ ಉಣ್ಣಿಸಿದೆ" ಅನ್ನೋದನ್ನ ಬಿಡೋದು, ಅದು ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ನಮಗ ಕೊಟ್ಟ ಮಾತು ಅಂತ ಶುರು ಮಾಡ್ತಾನ. ಆಮೇಲೆ ಫ.ಗು. ಹಳಕಟ್ಟಿಯವರ ಕಥಿ. ವಿಜಯಪುರದಾಗ ವಕೀಲಕಿ ಮಾಡುತ್ತಲೇ ತಾಳೆಗರಿ ಹುಡುಕಿ ಮನಿ ಮನಿ ಅಲೆದದ್ದು, 1923ರಾಗ ವಚನಶಾಸ್ತ್ರಸಾರ ತಂದದ್ದು, 1925ರಾಗ ಹಿತಚಿಂತಕ ಮುದ್ರಣಾಲಯ ಹಾಕಿದ್ದು, ಮರುವರ್ಷ ಶಿವಾನುಭವ ಪತ್ರಿಕೆ ಶುರು ಮಾಡಿದ್ದು. ಇಸವಿ ಒಂದೂ ತಪ್ಪೋದಿಲ್ಲ. ಮಾಸ್ತರ ಅಲ್ಲೇನು.

ತೊಂದರೆ ಏನಂದ್ರ, ಯಾರೂ ಕೇಳೋದಿಲ್ಲ. ಮೂವತ್ತು ಕಿಲೋಮೀಟರ್ ನಡೆದು ಬಂದವರು ಉಂಡ ಐದು ನಿಮಿಷಕ್ಕ ಗೊರಕಿ ಹೊಡೀತಾರ. ಹುಡುಗರು ಚಾರ್ಜಿಂಗ್ ಪಾಯಿಂಟ್ ಸುತ್ತ ಕೂತಿರ್ತಾರ. ಮುತ್ಯಾ ಮೈಕ್ ಆಫ್ ಮಾಡಿ ಬಂದು ಸುಮ್ಮನ ಕಂಬಕ್ಕ ಆತು ಕೂಡ್ತಾನ. ಅವನ ಮುಖ ಆಗ ನೋಡಬಾರದು. ನಲವತ್ತು ವರ್ಷ ಕ್ಲಾಸ್ ಹಿಡಿದಿಟ್ಟ ಮನುಷ್ಯ.

4/10

2024ರ ಕಥೆಗೆ ಬರ್ತೀನಿ. ನಾನು ಜೊತೆಗೆ ಹೋದ ವರ್ಷ ಅದು.

ನೆನಪದ ಅಲ್ಲ, 2023ರಲ್ಲಿ ಮಳೆ ಹೆಂಗ ಕೈಕೊಟ್ಟಿತ್ತು ಅಂತ. ರಾಜ್ಯದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ನಮ್ಮ ತೊಗರಿ ಗೊಡ್ಡು ಬಿದ್ದಿತ್ತು. ನನಗ ಲ್ಯಾಪ್‌ಟಾಪ್ ಕೊಡಿಸ್ತೀನಿ ಅಂದಿದ್ದ ಅಪ್ಪ "ಮುಂದಿನ ವರ್ಷ ನೋಡೂಣು" ಅಂದ. ಅದೇ ತಿಂಗಳು ಮುತ್ಯಾ ಪೆನ್ಶನ್ ತೆಗೆದು ಅಕ್ಕಿ ತಂದ.

ನಾ ಜಗಳಾ ತೆಗೆದೆ. "ಮನ್ಯಾಗ ಬರ ಬಿದ್ದಾಗ ಊರಿಗೆ ಉಣ್ಣಸ್ತೀಯಲ್ಲ ಮುತ್ಯಾ, ಇದ್ಯಾವ ಧರ್ಮ?"

ಮುತ್ಯಾ ಅಂದ, "ಬರ ಬಿದ್ದ ವರ್ಷ ನಡಿಯೋರಿಗೆ ಹಸಿವು ಕಡಿಮಿ ಇರ್ತದೇನು ಯವ್ವಾ?"

ಉತ್ತರ ಚಲೋನೇ ಇತ್ತು. ಆದರ ಲ್ಯಾಪ್‌ಟಾಪ್ ಇಲ್ಲದವರಿಗೆ ಚಲೋ ಉತ್ತರ ಕೇಳಿದ್ರ ಇನ್ನಷ್ಟು ಸಿಟ್ಟು ಬರ್ತದ.

ಆಯಿ ಏನೂ ಅನ್ನಲಿಲ್ಲ. ರೊಟ್ಟಿ ಬಡೀತಿದ್ದಳು. ಅಕಿಗೆ ಮೊಣಕಾಲು ನೋವು, ಮುತ್ಯಾನಿಗೆ ಸಕ್ಕರಿ ಕಾಯಿಲೆ. ಅಪ್ಪ ನನಗ ಕಾವಲು ಹಾಕಿ ಕಳಿಸಿದ. "ಸೇವಾ ಮಾಡಬ್ಯಾಡ, ಅವರಿಬ್ಬರನ್ನ ನೋಡ್ಕೊ" ಅಂದ. ನಾನೂ ಹಟ ಬಿಡದೆ ಒಂದು ಕೆಲಸ ಒಪ್ಪಿಕೊಂಡೆ: ಬ್ಯಾನರ್ ಡಿಸೈನ್. ಫೋನಿನೊಳಗೆ ಒಂದು ತಾಸಿನಲ್ಲಿ ಮಾಡಿದೆ. ಮೇಲೆ ಮಲ್ಲಯ್ಯ, ಬದಿಗೆ ಮುತ್ಯಾ ಕೈ ಮುಗಿದ ಫೋಟೋ, ಕೆಳಗೆ ದೊಡ್ಡ ಅಕ್ಷರದಲ್ಲಿ ಅವನ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಸಹಕುಟುಂಬ". ಫ್ಲೆಕ್ಸ್ ಬಂದಾಗ ಎಲ್ಲರೂ "ಮಸ್ತ್ ಆಗ್ಯದ" ಅಂದರು. ನಾ ಸ್ಟೋರಿನೂ ಹಾಕಿದೆ. ನೀವೂ ಲೈಕ್ ಮಾಡಿದ್ರಿ.

5/10

ಅಲ್ಲಿ ದಿನ ಹೆಂಗ ಇರ್ತದ ಹೇಳ್ತೀನಿ, ಕೇಳ್ರಿ.

ಬೆಳಗಿನ ಮೂರಕ್ಕೆ ಆಯಿ ಏಳುತ್ತಾಳೆ. ಬಿಸಿಲು ಏರುವ ಮೊದಲು ನಡೆಯುವವರು ನಾಲ್ಕಕ್ಕೇ ಬಂದುಬಿಡುತ್ತಾರೆ, ಅವರಿಗೆ ಚಹಾ, ಚುರುಮುರಿ. ಒಂಬತ್ತರಿಂದ ಮಜ್ಜಿಗೆ. ಹನ್ನೊಂದರಿಂದ ಊಟ: ರೊಟ್ಟಿ, ಹೆಸರುಕಾಳು ಪಲ್ಯ, ಹಿಂಡಿ, ಅನ್ನ, ಸಾರು. ಮಧ್ಯಾಹ್ನ ಪೆಂಡಾಲ್ ತುಂಬ ಮಲಗಿದ ಮಂದಿ. ಅಂಗಾಲಿನ ಗುಳ್ಳಿ ಒಡೆದವರಿಗೆ ಉಪ್ಪು ಹಾಕಿದ ಬಿಸಿನೀರು, ಕೊಬ್ಬರಿ ಎಣ್ಣೆ. ಸಂಜೆ ಮತ್ತ ಅಡಿಗಿ. ಮಲಗುವಾಗ ಹನ್ನೊಂದು.

ಖುಷಿ ಇಲ್ಲ ಅಂದ್ರ ಸುಳ್ಳಾಗ್ತದ. ಒಂದು ದಿನ ಮರಗಾಲಿನ ಮೇಲೆ ಒಬ್ಬ ಹುಡುಗ ಬಂದ. ಇಳಿದರ ಮತ್ತ ಏರೋದು ತ್ರಾಸು, ಅದಕ್ಕ ಮೇಲಿಂದಲೇ "ಆಯಿ, ಮಜ್ಜಿಗಿ" ಅಂದ. ಆಯಿ ಟ್ರ್ಯಾಲಿ ಏರಿ ನಿಂತು ಗ್ಲಾಸ್ ಕೊಟ್ಟಳು. ಅವ ಕುಡಿದು, "ಇಷ್ಟು ದಿನಕ್ಕ ನನ್ನ ಎತ್ತರದವರು ಒಬ್ಬರು ಸಿಕ್ಕರು ನೋಡ" ಅಂದ. ಆಯಿ ಅವತ್ತು ನಕ್ಕಂಗ ನಾ ಅಕಿ ಮನ್ಯಾಗ ನಕ್ಕದ್ದು ನೋಡಿಲ್ಲ. ಆ ಹೊಲದ ತೆಲುಗು ಅಜ್ಜಿ ದಿನಾ ಬಂದು ಆಯಿಯ ಬಾಜೂಕ ಕೂಡುತ್ತಿದ್ದಳು. ಅಕಿಗೆ ಕನ್ನಡ ಬಾರದು, ಇಕಿಗೆ ತೆಲುಗು ಬಾರದು. ಇಬ್ಬರೂ ಸೊಸಿಯಂದಿರ ಬಗ್ಗೆ ತಾಸುಗಟ್ಟಲೆ ಮಾತಾಡ್ತಿದ್ದರು. ಹೆಂಗ ತಿಳೀತಿತ್ತೋ, ಮಲ್ಲಯ್ಯನೇ ಬಲ್ಲ.

ಇನ್ನೊಂದು ಕಡೆ ನೋಡ್ರಿ. ಒಂದು ಗುಂಪು ಬಂತು. "ಸಿಹಿ ಏನೂ ಇಲ್ಲೇನು? ಮುಂದಿನ ದಾಸೋಹದಾಗ ಗೋಧಿ ಹುಗ್ಗಿ ಅದಂತ" ಅಂದು ತಾಟಿನೊಳಗಿನ ಎರಡೆರಡು ರೊಟ್ಟಿ ಹಂಗೇ ಬಿಟ್ಟು ಎದ್ದರು. ಆ ರೊಟ್ಟಿ ಯಾವ ಮನಿದು, ಯಾರು ಬಡಿದದ್ದು ಅಂತ ಆಯಿಗೆ ನೋಡಿದ ಕೂಡಲೇ ಗೊತ್ತಾಗ್ತದ. ಬಿಟ್ಟದ್ದನ್ನ ಒಂದೊಂದೇ ಆರಿಸಿ ಎಮ್ಮಿಗೆ ಹಾಕಿ ಬಂದಳು. ನೀರಿನ ಪೌಚು, ಪ್ಲಾಸ್ಟಿಕ್ ಗ್ಲಾಸು ಹೊಲದ ತುಂಬ. ಜಾಗ ಕೊಟ್ಟ ರೈತನ ಮುಂದೆ ಮುತ್ಯಾ ತಲೆ ತಗ್ಗಿಸಿ, ತಾನೇ ಚೀಲ ಹಿಡಿದು ಆರಿಸ್ತಿದ್ದ. ಎಪ್ಪತ್ಮೂರು ವರ್ಷದವ. ನಮ್ಮ ವಯಸ್ಸಿನ ಹುಡುಗರು ಅವನ ಬಾಜೂಕ ನಿಂತು ಸೆಲ್ಫಿ ತೆಗೀತಿದ್ದರು.

ಮೂರನೇ ದಿನ ಮಧ್ಯಾಹ್ನ, ಜನ ಕಡಿಮೆ ಆದಾಗ, ಆಯಿ ಬ್ಯಾನರ್ ಮುಂದೆ ನಿಂತದ್ದು ನೋಡಿದೆ. ಅಕಿ ಕಲಿತದ್ದು ಮೂರನೇ ಇಯತ್ತೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದ್ತಾಳ. ಪೂರ್ತಿ ಓದಿ ಮುಗಿಸಿ ಕೇಳಿದಳು.

"ಯವ್ವಾ, ಇದರಾಗ ನಾ ಎಲ್ಲಿದೀನಿ?"

"ಇಲ್ಲಿ ನೋಡ ಆಯಿ, ಸಹಕುಟುಂಬ ಅಂತ ಐತಲ್ಲ."

"ಹೂಂ" ಅಂದಳು. "ನಾ ಕುಟುಂಬ."

ಸಿಟ್ಟಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಭಟ್ಟಿ ಕಡೆ ಹೋದಳು. ಆಮೇಲೆ ನಾ ಆ ಬ್ಯಾನರ್ ಕಡೆ ನೋಡಲಿಲ್ಲ, ನೋಡ್ಲಿಕ್ಕೆ ಆಗಲಿಲ್ಲ.

6/10

ಏಪ್ರಿಲ್ 3. ಬಿಸಿಲು ಹೆಂಗಿತ್ತಂದ್ರ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಮಧ್ಯಾಹ್ನ ಮೂರರ ಸುಮಾರು ಮುತ್ಯಾ ಸಾರಿನ ಬಕೆಟ್ ಹಿಡಿದವ ನಿಂತಲ್ಲೇ ಕುಸಿದ. ಮೈಯೆಲ್ಲ ತಣ್ಣನೆ ಬೆವರು. ಕಣ್ಣು ಎಲ್ಲೋ ನೋಡ್ತಿದ್ದವು. ಎಚ್ಚರ ಇತ್ತು, ಆದರ ನನ್ನ ಹೆಸರು ಕೇಳಿದ್ರ ಅವ್ವನ ಹೆಸರು ಹೇಳಿದ.

ನನಗ ಕೈಕಾಲೇ ಆಡಲಿಲ್ಲ. ಆಯಿ ಓಡಿ ಬಂದಳು, ಮೊಣಕಾಲು ನೋವಿನ ಆಯಿ. ಬೆಲ್ಲದ ನೀರು ಸ್ವಲ್ಪ ಸ್ವಲ್ಪ ಕುಡಿಸಿದಳು. ಹತ್ತು-ಹದಿನೈದು ನಿಮಿಷಕ್ಕ ಮಾತು ಸರಿಯಾಯಿತು. ಆಮೇಲೆ ಡಾಕ್ಟರಿಗೆ ತೋರಿಸಿದಾಗ ಸಕ್ಕರಿ ತಟ್ಟನೆ ಇಳಿದದ್ದು ಅಂದರು. ಮುಂಜಾನೆ ಗುಳಿಗಿ ತಗೊಂಡು ಆಮೇಲೆ ಏನೂ ತಿಂದಿರಲಿಲ್ಲ.

ಯಾಕ ತಿಂದಿರಲಿಲ್ಲ ಗೊತ್ತೇನು? ಕಡೇ ಪಾದಯಾತ್ರಿ ಉಣ್ಣೋತನಕ ತಾ ಉಣ್ಣಬಾರದು ಅಂತ ವ್ರತ. ಹನ್ನೊಂದು ಸಲದಿಂದ ಹಂಗೇ ನಡೆದದ. ಯಾರಿಗೂ ಹೇಳಿಲ್ಲ. ಆಯಿ ತಾಟು ಕೊಟ್ಟರೆ "ಆಗ್ಲೇ ಉಂಡೆ" ಅಂತಿದ್ದ.

ನಿಮ್ಮ ಮನ್ಯಾಗ ಸಕ್ಕರಿ ಕಾಯಿಲೆಯವರು ಇದ್ರ ಇದೊಂದು ಮಾತು ಲಕ್ಷ್ಯ ಇಡ್ರಿ: ಗುಳಿಗಿ ಅಥವಾ ಇನ್ಸುಲಿನ್ ತಗೊಂಡು ಉಪವಾಸ ಇರೋದು ಭಕ್ತಿ ಅಲ್ಲ, ಅಪಾಯ. ಉಪವಾಸ ಮಾಡಲೇಬೇಕಂದ್ರ ಮೊದಲ ಡಾಕ್ಟರ್ ಹತ್ರ ಕೇಳ್ರಿ.

ನಾ ಅಪ್ಪನಿಗೆ ಫೋನ್ ಹಚ್ಚಿದೆ. ಅಪ್ಪ ಒಂದೇ ಮಾತು ಅಂದ, "ಪೆಂಡಾಲ್ ಕಿತ್ತು ಇಬ್ಬರನ್ನೂ ಕರಕೊಂಡು ಬಾ. ಇದೇ ಕಡೀದು."

7/10

ಫೋನ್ ಆಯಿ ಕೈಗೆ ಕೊಟ್ಟೆ. ಅಕಿ ಮಗನಿಗೆ ಹೇಳಿದ್ದು ನನಗಿನ್ನೂ ಕಿವಿಯಾಗ ಅದ.

"ನಿಮ್ಮಪ್ಪ ಮಲಗ್ತಾರ. ಅವರಿಗೆ ಹೊತ್ತು ಹೊತ್ತಿಗೆ ತಿನ್ನಸ್ತೀನಿ. ಇನ್ನೂ ಮೂರು ದಿನದ ಮಂದಿ ಹಿಂದ ಬರ್ಲಾಕತ್ತಾರ. ದಾಸೋಹ ನಾ ನಡಸ್ತೀನಿ." ಫೋನ್ ಇಟ್ಟಳು.

ಆ ಮೂರು ದಿನ ನನಗ ಒಂದು ವಿಷಯ ತಿಳೀತು. ದಾಸೋಹ ಮೊದಲೂ ಅಕಿನೇ ನಡಸ್ತಿದ್ದಳು. ಅಕ್ಕಿ ಎಷ್ಟು ಉಳಿದದ, ಸಿಲಿಂಡರ್ ಯಾವಾಗ ಮುಗೀತದ, ಯಾವ ಕಡೆಯ ಗುಂಪು ಎಷ್ಟು ಹೊತ್ತಿಗೆ ಬರ್ತದ, ಎಲ್ಲ ಅಕಿ ತಲ್ಯಾಗ. ಮುತ್ಯಾನಿಗೆ ಗೊತ್ತಿದ್ದದ್ದು ಮೈಕ್, ಮತ್ತ ಬಂದವರ ಊರು ಕೇಳೋದು. ಮಾವಿನ ತೋರಣದಂಗ ಮುಂದ ಕಾಣೋದು ಅವ, ಕಂಬ ಅಕಿ.

ಎರಡನೇ ರಾತ್ರಿ ಮುತ್ಯಾ ಹೊರಸಿನ ಮೇಲೆ ಮಲಗಿದ್ದ. ಮೈಕ್ ಮುಟ್ಟೋರು ಇರಲಿಲ್ಲ. ನಾಳಿನ ಪಲ್ಯಕ್ಕ ಉಳ್ಳಾಗಡ್ಡಿ ಹೆಚ್ಚುತ್ತಾ ಆಯಿಯ ಸುತ್ತ ನಾಲ್ಕು ಹೆಣ್ಮಕ್ಕಳು ಕೂತಿದ್ದರು. ಒಬ್ಬಾಕಿ, "ಆಯಿ, ಕಾಲು ಸೋತಾವ, ಏನರ ಹೇಳ" ಅಂದಳು. ಆಯಿ ಹೇಮರೆಡ್ಡಿ ಮಲ್ಲಮ್ಮನ ಕಥಿ ಶುರು ಮಾಡಿದಳು. ಅತ್ತಿ ಬೈದದ್ದು, ನೆಗೆಣ್ಣಿ ಚಾಡಿ ಹೇಳಿದ್ದು, ದನ ಕಾಯಲಿಕ್ಕೆ ಇದೇ ಅಡವಿಗೆ ಅಟ್ಟಿದ್ದು, ಮಲ್ಲಯ್ಯ ಬಂದು ಎದುರಿಗೆ ನಿಂತದ್ದು. ಪುಸ್ತಕದ ಮಾತಿಲ್ಲ, ಇಸವಿ ಇಲ್ಲ. ನಮ್ಮ ಓಣಿಯಾಗ ನಿನ್ನಿ ನಡೆದದ್ದು ಹೇಳಿದಂಗ ಹೇಳಿದಳು. "ಅಕಿಗೂ ಮೊಣಕಾಲು ನೋವು ಇದ್ದೇ ಇರ್ತದವಾ, ಯಾರು ಕೇಳಬೇಕು" ಅಂತ ನಡುವ ತಂದೊಂದು ಸೇರಿಸಿದಳು.

ನಾ ತಲೆ ಎತ್ತಿ ನೋಡಿದೆ. ನಾಲ್ಕು ಮಂದಿ ಇದ್ದದ್ದು ನಲವತ್ತು ಆಗಿತ್ತು. ಗಂಡಸರೂ ಬಂದು ಕೂತಿದ್ದರು. ಚಾರ್ಜಿಂಗ್ ಪಾಯಿಂಟ್ ಹತ್ತಿರದ ಹುಡುಗರು ಫೋನ್ ತಿರುವಿ ಹಾಕಿದ್ದರು. ಮಲ್ಲಮ್ಮ ತನಗಾಗಿ ಏನೂ ಬೇಡದೆ ತನ್ನನ್ನು ಕಾಡಿದ ಮನೆತನಕ್ಕೇ ವರ ಬೇಡಿದಳು ಅಂತ ಮುಗಿಸಿದಾಗ ಒಬ್ಬಾಕಿ ಕಣ್ಣು ಒರೆಸ್ಕೊಂಡಳು, ಉಳ್ಳಾಗಡ್ಡಿಯಿಂದೋ ಕಥಿಯಿಂದೋ ಗೊತ್ತಿಲ್ಲ.

ಹೊರಸಿನ ಮೇಲಿಂದ ಒಂದು ದನಿ ಬಂತು. "ಎಲ್ಲ ಬರೋಬ್ಬರಿ ಅದ. ಖರೇ ವೇಮನ ಅಕಿಗೆ ಭಾವ ಅಲ್ಲ, ಮೈದುನ."

ಮುತ್ಯಾ ನಿದ್ದಿ ಮಾಡಿರಲಿಲ್ಲ. ಪೂರ್ತಿ ಕೇಳಿದ್ದ. ಮಂದಿಯೆಲ್ಲ ನಕ್ಕರು. ಆಯಿ, "ಹೌದ್ರಿ ಮಾಸ್ತರ" ಅಂದಳು.

8/10

ಏಪ್ರಿಲ್ 6ರ ಸಂಜೆ ಕಡೇ ಗುಂಪು ದಾಟಿತು. 9ಕ್ಕೆ ಯುಗಾದಿ. ಪ್ರತಿ ವರ್ಷ ಈ ಹೊತ್ತಿಗೆ ಟ್ರ್ಯಾಕ್ಟರ್ ಏರಿಸಿ ಊರಿಗೆ ಹೊಳ್ಳೋದು. ಹಬ್ಬ ಮನ್ಯಾಗ.

ಈಗ ಹೇಳೋದು ಕೇಳಿ ನೀವು ನಂಬೋದಿಲ್ಲ. ಹನ್ನೊಂದು ಸಲ ಆ ದಾರಿಯಾಗ ಉಣ್ಣಿಸಿದ ಆಯಿ ಒಂದು ಸಲನೂ ಶ್ರೀಶೈಲ ನೋಡಿರಲಿಲ್ಲ. ಪ್ರತಿ ವರ್ಷ ಒಂದು ಸೀರೆ ತಂದು, ನಡೆಯೋ ಯಾವಾಕಿಯಾದರೂ ಹೆಣ್ಮಗಳ ಕೈಯಾಗ ಕೊಟ್ಟು, "ನಮ್ಮವ್ವಗ ಮುಟ್ಟಸವಾ" ಅಂತ ಕಳಿಸ್ತಿದ್ದಳು. ಮುಟ್ಟಿತೋ ಇಲ್ಲೋ ಯಾರು ನೋಡ್ಯಾರ.

ಆ ವರ್ಷದ ಸೀರೆ ಅಕಿ ಯಾರ ಕೈಗೂ ಕೊಟ್ಟಿರಲಿಲ್ಲ. ಹಸಿರು ಇಳಕಲ್ ಸೀರೆ. ಗಂಟಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಮುತ್ಯಾನಿಗೆ ಹೇಳಿದಳು, "ನಾ ಹೊಂಟೀನ್ರಿ. ಇಕಿ ಜೋಡಿ ಬಸ್ಸಿಗೆ ಹೋಗ್ತೀನಿ. ನೀವು ಟ್ರ್ಯಾಕ್ಟರ್ ಮಂದಿ ಜೋಡಿ ಊರಿಗಿ ನಡೀರಿ. ಹೊತ್ತಿಗೆ ಉಣ್ರಿ."

ಕೇಳಲಿಲ್ಲ ಅಕಿ. ಹೇಳಿದಳು.

ಆತ್ಮಕೂರಿನಿಂದ ದೋರ್ನಾಲದ ಮ್ಯಾಲೆ ಘಾಟು. ಬಸ್ಸಿನಲ್ಲಿ ಕಾಲಿಡಲೂ ಜಾಗ ಇರಲಿಲ್ಲ. ಆಯಿ ಕಿಟಕಿಯಿಂದ ಅಡವಿ ನೋಡುತ್ತಾ, "ಮಲ್ಲಮ್ಮ ಇದರಾಗೇ ದನ ಕಾದಳೇನು?" ಅಂತ ಎರಡು ಸಲ ಕೇಳಿದಳು. ಶ್ರೀಶೈಲದಲ್ಲಿ ಇಳಿದ ಮೇಲೆ ಎಲ್ಲಿ ನೋಡಿದರೂ ನಮ್ಮ ಮಾತು. ಆಂಧ್ರದ ನಂದ್ಯಾಲ ಜಿಲ್ಲೆ ಅನ್ನೋದು ಬೋರ್ಡಿನ ಮೇಲೆ ಮಾತ್ರ.

ಆರು ತಾಸು ಪಾಳಿ. ಆಯಿ ಪಾಳಿಯಲ್ಲಿ ನಿಂತವರಿಗೆ ನೀರು ಕೊಡೋರನ್ನ ನೋಡಿ ಎರಡು ಸಲ ಎದ್ದು ಹೋಗಿ ಗ್ಲಾಸ್ ಹಂಚಲಿಕ್ಕೆ ನಿಂತಳು. ನಾ ಕೈ ಹಿಡಿದು ಎಳಕೊಂಡು ಬಂದೆ. ಒಂದು ಕಡೆ ತಿರುವಿನಲ್ಲಿ ಯಾರೋ "ಮಲ್ಲಮ್ಮನ ಕಥಿ ಆಯಿ!" ಅಂತ ಕೂಗಿದರು. ಉಳ್ಳಾಗಡ್ಡಿ ಹೆಚ್ಚಿದ ಹೆಣ್ಮಗಳು. ಭೀಮನ ಕೊಳ್ಳ ಇಳಿದು ಏರಿ ಬಂದವಳು, ಕಾಲಿಗೆ ಬಟ್ಟಿ ಸುತ್ತಿದ್ದಳು. ಬಂದು ಆಯಿಯ ಕಾಲಿಗೆ ಬಿದ್ದಳು. ಆಯಿ ಅಕಿ ಕಾಲು ನೋಡಿ, "ಎಣ್ಣಿ ಹಚ್ಚಿದಿಯಿಲ್ಲೋ?" ಅಂದಳು.

ದರ್ಶನ ಎರಡು ಸೆಕೆಂಡು. ಅಮ್ಮನ ಮುಂದ ಸೀರೆ ಒಪ್ಪಿಸಿದಳು. ಬಾಯಿಯೊಳಗ ಏನೋ ಅಂದಳು. ಹೊರಗ ಬಂದ ಮೇಲೆ ಕೇಳಿದೆ, ಏನಂದಿ ಅಂತ. "ತಡಾ ಆತವಾ, ಸಿಟ್ಟಾಗಬ್ಯಾಡ ಅಂದೆ."

9/10

ಇಲ್ಲಿಗೆ ಮುಗಿಸಿದ್ರ ಚಲೋ ರೀಲ್ ಆಗ್ತಿತ್ತು. ಆದರ ಮುಗೀಲಿಲ್ಲ.

ಯುಗಾದಿ ಮರುದಿನ ಮನಿ ಮುಟ್ಟಿದ್ವಿ. ಮುತ್ಯಾ ನಮಗಂತ ಬೇವು ಎತ್ತಿಟ್ಟಿದ್ದ. ನಮ್ಮ ಕಡೆ ಬೇವು ಅಂದ್ರ ಕುಡಿಯೋದು, ಬೇವಿನ ಹೂ, ಬೆಲ್ಲ, ಮಾವಿನಕಾಯಿ, ಪುಟಾಣಿ ಹಾಕಿದ್ದು. ಆಯಿ ಒಂದು ಗುಟುಕು ಕುಡಿದು ಗ್ಲಾಸ್ ಕೆಳಗ ಇಟ್ಟಳು.

"ಹನ್ನೊಂದು ಸಲ ಅಲ್ಲಿತನಕ ಹೋಗಿ ಹೊಳ್ಳಿ ಬಂದೀನ್ರಿ. ಒಂದ ಸಲರ ಕರಕೊಂಡು ಹೋಗಬೇಕಂತ ನಿಮಗ ಅನಿಸಲಿಲ್ಲೇನು?"

ಮುತ್ಯಾ ಮೆಲ್ಲಗ ಹೇಳಿದ. "ಸೇವಾ ಮಾಡಿ ದರ್ಶನಕ್ಕ ಹೋದ್ರ ಕೂಲಿ ಕೇಳಿದಂಗ ಆಗ್ತದಂತ ನಾ ತಿಳಿದಿದ್ದೆ. ಬಂದವರೇ ಮಲ್ಲಯ್ಯ ಅಂತ."

"ಅದು ನಿಮ್ಮ ವ್ರತ. ಉಪವಾಸನೂ ನಿಮ್ಮ ವ್ರತ. ನನ್ನ ಕೇಳಿದ್ರೇನು?"

ಮುತ್ಯಾನ ಹತ್ತಿರ ಎಲ್ಲದಕ್ಕೂ ಉತ್ತರ ಇರ್ತದ ಅಂತ ಹೇಳಿದ್ದೆನಲ್ಲ. ಅವತ್ತು ಇರಲಿಲ್ಲ. ಸುಮ್ಮನ ಕೂತ. ಸಂಜೆಯಾದ ಮೇಲೂ ಟೊಪಗಿ ತೆಗೆದಿರಲಿಲ್ಲ.

ಗೆಳೆಯರೇ, ನಾ ಅಲ್ಲಿತನಕ ಒಂದೇ ಪ್ರಶ್ನೆ ಕೇಳ್ತಿದ್ದೆ: ಇವರು ಇದನ್ನ ನಿಲ್ಲಸಬೇಕೋ ಬ್ಯಾಡೋ? ಆಯಿ ಅದನ್ನ ಕೇಳಲೇ ಇಲ್ಲ. ಅಕಿಗೆ ನಿಲ್ಲಸೋದು ಬೇಕಿರಲಿಲ್ಲ. 2020ರಾಗ ಯುಗಾದಿ ಮತ್ತ ಲಾಕ್‌ಡೌನಿನ ಮೊದಲ ದಿನ ಒಂದೇ ಆಗಿ, ಮಾರ್ಚ್ 25ಕ್ಕೆ ಎಲ್ಲ ನಿಂತಾಗ, ಬಡಿದಿಟ್ಟ ರೊಟ್ಟಿ ಮುಂದ ಕೂತು ಅತ್ತವಳು ಅಕಿ. ಆಮೇಲೆ ಪುಣೆ, ಮುಂಬೈ ಕಡೆ ದುಡಿಯಲಿಕ್ಕೆ ಹೋಗಿ ವಾಪಸ್ ಬಂದವರಿಗೆ ಆ ರೊಟ್ಟಿ ಕಟ್ಟಿ ಕಳಿಸಿದವಳೂ ಅಕಿನೇ. ಅಕಿ ಕೇಳಿದ್ದು ಇಷ್ಟೇ: ಇದು ನಮ್ಮಿಬ್ಬರದು ಆಗಿದ್ರ, ಮಾತೂ ಇಬ್ಬರದು ಇರಬೇಕಲ್ಲ?

"ನಾ ಉಣ್ಣಿಸಿದೆ" ಅನ್ನೋದನ್ನ ಬಿಡೋದೇ ದಾಸೋಹ ಅಂತ ಮೈಕಿನಾಗ ಹೇಳ್ತಿದ್ದ ಮುತ್ಯಾ. ಅದನ್ನ ಬಿಟ್ಟವಳು ಹಿಂದ ಹೊಗೆಯೊಳಗ ಇದ್ದಳು. ಅವ ನೋಡಲಿಲ್ಲ. ನಾನೂ ನೋಡಲಿಲ್ಲ, ಕೈಯಾಗ ಕ್ಯಾಮೆರಾ ಇದ್ದರೂ.

10/10

ಈಗ 2025. ಯುಗಾದಿ ಮಾರ್ಚ್ 30ಕ್ಕೆ. ರೊಟ್ಟಿ ಬಡಿಯೋ ಸಪ್ಪಳ ಈ ಬರಿಯುವಾಗಲೂ ಪಡಸಾಲಿಯಿಂದ ಬರ್ತದ. ಹೌದು, ಇಬ್ಬರೂ ಹೊಂಟಾರ. ಮುತ್ಯಾನಿಗೆ ಎಪ್ಪತ್ನಾಲ್ಕು, ಆಯಿಗೆ ಅರವತ್ತೆಂಟು. ಆದರ ಈ ಸಲ ಆಯಿ ಕರಾರು ಹಾಕ್ಯಾಳ.

ಒಂದು, ಮಧ್ಯಾಹ್ನ ಹನ್ನೆರಡಕ್ಕ ಮುತ್ಯಾ ಎಲ್ಲರೂ ನೋಡೋವಂಗ ಕೂತು ಉಣ್ಣಬೇಕು. ವ್ರತ ಬೇಕಂದ್ರ ಸಿಟ್ಟು ಬಿಡೋ ವ್ರತ ಹಿಡೀಲಿ.

ಎರಡು, ಸಂಜೆಯ ಮಾತು ಒಂದು ದಿನ ಅವನದು, ಒಂದು ದಿನ ಅಕಿದು. ಇದಕ್ಕ ಮುತ್ಯಾ ತಕ್ಷಣ ಒಪ್ಪಿದ. ಅಕಿ ದಿನ ಮಂದಿ ಕೂಡಿದ್ರ ಮರುದಿನ ತನಗೂ ನಾಲ್ಕು ಮಂದಿ ಸಿಗ್ತಾರ ಅಂತ ಅವನ ಲೆಕ್ಕಾ.

ಮೂರು, ಕಡೇ ಗುಂಪು ದಾಟಿದ ಮೇಲೆ ಇಬ್ಬರೂ ಮುಂದ ಹೋಗೋದು. ಇದಕ್ಕ ಮುತ್ಯಾ ಇನ್ನೂ ಹೂಂ ಅಂದಿಲ್ಲ. ಆದರ ನಿನ್ನೆ ಸೀರೆ ಅಂಗಡಿಗೆ ಆಯಿ ಜೋಡಿ ತಾನೂ ಹೋಗಿ ಬಂದ. ಬಣ್ಣ ಯಾವುದಂತ ಇಬ್ಬರಿಗೂ ಜಗಳಾ ಆತಂತ.

ಬ್ಯಾನರ್ ಇಲ್ಲ. "ಆ ರೊಕ್ಕಕ್ಕ ಬೆಲ್ಲಾ ತಾ" ಅಂದಳು. ನಾ ಕ್ಷಮಾ ಕೇಳಿದೆ. "ಏ ಹುಚ್ಚಿ, ಅದು ಭಾಳ ಉಪಯೋಗಕ್ಕ ಬಂದದ ನೋಡ" ಅಂತ ಪಡಸಾಲಿ ತೋರಿಸಿದಳು. ಕಡೇ ಫೋಟೋ ಅದೇ. ಹಳೇ ಫ್ಲೆಕ್ಸ್ ಬೋರಲು ಹಾಸಿ, ಅದರ ಬಿಳಿ ಬೆನ್ನ ಮೇಲೆ ರೊಟ್ಟಿ ಆರಲಿಕ್ಕೆ ಹಾಕ್ಯಾಳ.

ಲ್ಯಾಪ್‌ಟಾಪ್ ಇನ್ನೂ ಬಂದಿಲ್ಲ. ಇದನ್ನೂ ಫೋನಿನಾಗೇ ಟೈಪ್ ಮಾಡೀನಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.

ಕಡೇ ಮಾತು. ಈ ವರ್ಷ ನಿಮ್ಮಲ್ಲಿ ಯಾರಾದರೂ ನಡೆಯೋರಿದ್ರ: ತಾಟಿನೊಳಗ ಉಣ್ಣೋವಷ್ಟೇ ಹಾಕಿಸ್ಕೊಳ್ರಿ. ಒಂದು ಸ್ಟೀಲ್ ಗ್ಲಾಸ್ ಜೋಡಿ ಇಟ್ಕೊಳ್ರಿ, ಪ್ಲಾಸ್ಟಿಕ್ ಯಾರದೋ ಹೊಲದಾಗ ಒಗೀಬ್ಯಾಡ್ರಿ. ನಡಿಯಲಿಕ್ಕೆ ಆಗದವರು ಎರಡು ದಿನ ಪೆಂಡಾಲಿಗೆ ಬರ್ರಿ, ಬೆಳಗಿನ ಮೂರಕ್ಕ ಏಳೋ ಕೈ ಬೇಕಾಗ್ಯಾವ. ಸೆಲ್ಫಿ ಆಮೇಲೆ, ಮೊದಲು ಬಕೆಟ್ ಹಿಡೀರಿ.

ಮತ್ತ ಇವತ್ತು ಮನಿಗೆ ಹೋದ ಮೇಲೆ ನಿಮ್ಮ ಫೋನಿನ ಗ್ಯಾಲರಿ ತೆಗೆದು ನೋಡ್ರಿ. ಹಬ್ಬದ ಫೋಟೋ, ಮದುವಿ ಫೋಟೋ, ಜಾತ್ರಿ ಫೋಟೋ. ಹಿಂದ ಅರ್ಧ ಮುಖ ಕಾಣೋ ಒಬ್ಬರು ಇದ್ದೇ ಇರ್ತಾರ. ಅವರು ಎಲ್ಲಿಗಾದರೂ ಹೋಗಬೇಕಂತ ಅನ್ಕೊಂಡಿದ್ರೇನು ಅಂತ ಒಂದ ಸಲ ಕೇಳ್ರಿ.

ನಾವು ಮಾರ್ಚ್ ಎರಡನೇ ವಾರ ಹೊರಡ್ತೀವಿ. ಟ್ರ್ಯಾಲಿಯಾಗ ಇನ್ನೂ ನಾಲ್ಕು ಮಂದಿಗೆ ಜಾಗ ಅದ.

#ಸಿಂದಗಿ #ಶ್ರೀಶೈಲಪಾದಯಾತ್ರೆ #ದಾಸೋಹ #ಮುತ್ಯಾಆಯಿ #ಖಡಕ್‌ರೊಟ್ಟಿ